ಹೆಸರಿಗೆ ಕಾರಣ ಒಂದು ಹನಿ

ಕೆಲವು ಶಬ್ದಗಳು ಅವಳಿಗಳಾಗಿ ಹುಟ್ಟುತ್ತವೆ. ತಮ್ಮನ್ನು ಗುರುತು ಹಿಡಿಯಬೇಕಾದವರ ಪ್ರಾಣವನ್ನೂ ಜೋಡಿಯಾಗಿಯೇ ತಿನ್ನುತ್ತವೆ. ಅಕ್ಷಾಂಶ ಅಡ್ಡಗೆರೆಯೋ ರೇಖಾಂಶ ಅಡ್ಡಗೆರೆಯೋ? ಉಬ್ಬಿದ ಮಸೂರ ಪೀನವೋ ನಿಮ್ನವೋ? ಅಪಧಮನಿ ಹೃದಯದಿಂದ ಹೊರಡುವುದೋ ಹೃದಯಕ್ಕೆ ಬರುವುದೋ? ಉತ್ತರ ಚೆನ್ನಾಗಿ ಗೊತ್ತಿದ್ದವರೂ ಪರೀಕ್ಷೆಯ ಹೊತ್ತಿನಲ್ಲಿ ಪೆನ್ನಿನ ತುದಿ ಕಚ್ಚಿ ಸೂರು ನೋಡಿದ್ದುಂಟು. ಈ ವಂಶದಲ್ಲೆಲ್ಲ ಮಹಾ ತರಲೆ ಜೋಡಿ ಎಂದರೆ ಸ್ಟ್ಯಾಲಕ್ಟೈಟ್ ಮತ್ತು ಸ್ಟ್ಯಾಲಗ್ಮೈಟ್. ಸುಣ್ಣಕಲ್ಲಿನ ಗುಹೆಯಲ್ಲಿ ಒಂದು ಚಾವಣಿಯಿಂದ ಇಳಿಬೀಳುತ್ತದೆ, ಇನ್ನೊಂದು ನೆಲದಿಂದ ಏಳುತ್ತದೆ. ಇಳಿಬೀಳುವುದು ಸ್ಟ್ಯಾಲಕ್ಟೈಟ್. ಹೇಳಿಬಿಟ್ಟಿದ್ದೇನೆ. ನಾಲ್ಕು ಪ್ಯಾರಾ ದಾಟುವಷ್ಟರಲ್ಲಿ ಅರ್ಧ ಜನ ಮರೆತಿರುತ್ತೀರಿ. ಅದು ನಿಮ್ಮ ತಪ್ಪಲ್ಲ ಎಂದು ಸಾಬೀತು ಮಾಡುವುದಕ್ಕೇ ಇಷ್ಟೆಲ್ಲ ಬರೆಯಹೊರಟಿದ್ದೇನೆ.

ನೆನಪಿಟ್ಟುಕೊಳ್ಳಲು ಲೋಕದ ಮೇಷ್ಟರುಗಳು ಪಟ್ಟಿರುವ ಪಾಡು ಸಣ್ಣದಲ್ಲ. ಇಂಗ್ಲಿಷಿನವರು ಒಂದರೊಳಗಿನ ‘ಸಿ’ ಅಕ್ಷರವನ್ನು ಹಿಡಿದು ಸೀಲಿಂಗ್ ಎಂದೂ, ಇನ್ನೊಂದರೊಳಗಿನ ‘ಜಿ’ಯನ್ನು ಹಿಡಿದು ಗ್ರೌಂಡ್ ಎಂದೂ ಕಲಿಸುತ್ತಾರೆ. ಫ್ರೆಂಚರದು ‘ಟಿ’ ಮತ್ತು ‘ಎಂ’ ಅಕ್ಷರಗಳ ಲೆಕ್ಕ: ತೋಂಬ್ ಎಂದರೆ ಬೀಳುತ್ತದೆ, ಮೋಂತ್ ಎಂದರೆ ಏರುತ್ತದೆ. ಕನ್ನಡದಲ್ಲಿ ಓದಿದ ನನಗೆ ಈ ಯಾವ ಅಕ್ಷರವೂ ಒದಗಲಿಲ್ಲ. ‘ಗ್ಮ’ ಎಂಬ ಒತ್ತಕ್ಷರದಲ್ಲಿ ಒಬ್ಬ ಗುಮ್ಮ ಕೂತಿದ್ದಾನೆ, ಗುಮ್ಮ ಯಾವಾಗಲೂ ನೆಲದಿಂದಲೇ ಏಳುತ್ತಾನೆ ಎಂದುಕೊಂಡು ದಡ ಸೇರಿದೆ. ಉಪಾಯ ಚೆನ್ನಾಗಿಯೇ ಕೆಲಸ ಮಾಡಿತು. ಆದರೂ ಒಂದು ಸಂಶಯ ಉಳಿಯಿತು. ಮೇಲೆ, ಕೆಳಗೆ ಎಂಬ ಇಷ್ಟು ದೊಡ್ಡ ವ್ಯತ್ಯಾಸವನ್ನು ಹೇಳಬೇಕಾದ ಶಬ್ದಗಳು ಹೀಗೆ ಒಂದೇ ಅಚ್ಚಿನಲ್ಲಿ ಯಾಕಿವೆ? ಇಂಥ ಹೆಸರಿಟ್ಟವನು ಯಾರು, ಅವನಿಗೆ ಮಕ್ಕಳ ಮೇಲೆ ಏನು ಸಿಟ್ಟಿತ್ತು?

ಶಬ್ದವನ್ನು ಬಿಚ್ಚಿ ನೋಡಿದರೆ ಮೇಲೂ ಇಲ್ಲ, ಕೆಳಗೂ ಇಲ್ಲ. ತೂಗುವುದಂತೂ ಇಲ್ಲವೇ ಇಲ್ಲ. ಗ್ರೀಕಿನಲ್ಲಿ ಸ್ಟಲಾಸ್ಸೋ ಎಂಬ ಕ್ರಿಯಾಪದವಿದೆ. ತೊಟ್ಟಿಕ್ಕು, ಜಿನುಗು ಎಂದರ್ಥ. ಅದರಿಂದ ಸ್ಟಲಾಕ್ಟೋಸ್, ಅಂದರೆ ತೊಟ್ಟಿಕ್ಕುವಂಥದು. ಅದರಿಂದಲೇ ಸ್ಟಲಾಗ್ಮೋಸ್, ತೊಟ್ಟಿಕ್ಕುವಿಕೆ. ಮತ್ತು ಸ್ಟಲಾಗ್ಮಾ, ತೊಟ್ಟಿಕ್ಕಿದ ಹನಿ. ಧಾತು ಒಂದೇ, ಪ್ರತ್ಯಯ ಬೇರೆ. ‘ತ’ಕಾರದ ಮುಂದೆ ಧಾತುವಿನ ಕೊನೆಯ ‘ಗ’ ಬಿಗಿದುಕೊಂಡು ‘ಕ’ ಆಯಿತು, ‘ಮ’ಕಾರದ ಮುಂದೆ ‘ಗ’ವಾಗಿಯೇ ಉಳಿಯಿತು. ಇದನ್ನು ಅರ್ಥಮಾಡಿಕೊಳ್ಳಲು ನಾವೇನೂ ಅಥೆನ್ಸಿಗೆ ಹೋಗಬೇಕಿಲ್ಲ. ಯುಜ್ ಎಂಬ ಧಾತುವಿನಿಂದ ‘ಯುಕ್ತ’ ಬಂತು, ಅದೇ ಧಾತುವಿನಿಂದ ‘ಯುಗ್ಮ’ವೂ ಬಂತು. ಯುಕ್ತ, ಯುಗ್ಮ, ಸ್ಟಲಾಕ್ಟ, ಸ್ಟಲಾಗ್ಮ. ಕಿವಿಗೆ ಒಂದೇ ತಾಳ. ಸಂಸ್ಕೃತ ಮತ್ತು ಗ್ರೀಕು ದೂರದ ದಾಯಾದಿಗಳಾದ್ದರಿಂದ ಇಂಥ ಮನೆತನದ ಅಭ್ಯಾಸಗಳು ಎರಡೂ ಕಡೆ ಉಳಿದಿವೆ. ಯುಕ್ತ ಮೇಲಕ್ಕಿರುತ್ತದೋ ಯುಗ್ಮ ಮೇಲಕ್ಕಿರುತ್ತದೋ ಎಂದು ಯಾರಾದರೂ ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ನಾವು ಏನು ಮಾಡುತ್ತೇವೆ? ಪ್ರಶ್ನೆಪತ್ರಿಕೆ ತಯಾರಿಸಿದವನನ್ನು ಹುಡುಕುತ್ತೇವೆ. ಸ್ಟ್ಯಾಲಕ್ಟೈಟಿನ ಮೊಕದ್ದಮೆಯೂ ಅಷ್ಟೇ.

ಗುಹೆಗೆ ಬರುವ ಮುಂಚೆ ಈ ಶಬ್ದ ಎಲ್ಲೆಲ್ಲಿ ಅಲೆದಿತ್ತು ಎಂಬುದು ಇನ್ನೂ ಸ್ವಾರಸ್ಯ. ಕ್ರಿಸ್ತಪೂರ್ವ 184ರಲ್ಲಿ ತೀರಿಕೊಂಡ ರೋಮಿನ ಪ್ಲಾಟಸ್ ಎಂಬ ನಾಟಕಕಾರ, ತನ್ನ ‘ಕ್ಯಾಪ್ಟಿವಿ’ ನಾಟಕದಲ್ಲಿ ಯಜಮಾನನ ಮಗುವನ್ನು ಕದ್ದು ಓಡಿಹೋದ ಗುಲಾಮನಿಗೆ ಸ್ಟಲಾಗ್ಮಸ್ ಎಂದು ಹೆಸರಿಟ್ಟಿದ್ದಾನೆ. ಹನಿ ಎಂದರ್ಥ. ನಮ್ಮಲ್ಲಾದರೆ ಹನಿ ಎಂಬ ಹೆಸರಿನ ಪಾತ್ರ ಕವಿತೆ ಓದುತ್ತಿತ್ತು; ಅಲ್ಲಿ ಮಗು ಕದಿಯುತ್ತದೆ. ಪ್ಲಾಟಸನ ‘ಮೆನೆಕ್ಮಿ’ ಎಂಬ ಇನ್ನೊಂದು ನಾಟಕದಲ್ಲಿ ‘ಸ್ಟಲಾಗ್ಮಿಯಾ’ ಎಂಬ ಮಾತು ಬರುತ್ತದೆ. ಅದು ಕಿವಿಯ ಆಭರಣ, ಹನಿಯ ಆಕಾರದ ಲೋಲಾಕು. ದಾಸಿಯೊಬ್ಬಳು ಹಾದಿಯಲ್ಲಿ ಮೆನೆಕ್ಮಸನನ್ನು ತಡೆದು ತನಗೂ ಒಂದು ಜೊತೆ ಮಾಡಿಸಿಕೊಡಬಾರದೆ ಎಂದು ಲಲ್ಲೆಗರೆಯುತ್ತಾಳೆ. ತಮಾಷೆ ಏನೆಂದರೆ ಅವಳು ತಡೆದದ್ದು ಬೇರೆ ಮೆನೆಕ್ಮಸನನ್ನು. ನಾಟಕದಲ್ಲಿ ಒಂದೇ ರೂಪದ, ಒಂದೇ ಹೆಸರಿನ ಅವಳಿ ಅಣ್ಣತಮ್ಮಂದಿರಿದ್ದಾರೆ, ಊರಿಗೆ ಊರೇ ಅವರನ್ನು ಅದಲು ಬದಲು ಮಾಡಿಕೊಂಡು ಒದ್ದಾಡುತ್ತದೆ. ಇದೇ ನಾಟಕವನ್ನು ಶೇಕ್ಸ್‌ಪಿಯರ್ ಎತ್ತಿಕೊಂಡು, ಸಾಲದೆಂಬಂತೆ ಆಳುಗಳಲ್ಲೂ ಒಂದು ಅವಳಿ ಜೋಡಿಯನ್ನು ಸೇರಿಸಿ ‘ಕಾಮಿಡಿ ಆಫ್ ಎರರ್ಸ್’ ಬರೆದ. ಅದು ಬಂಗಾಳಕ್ಕೆ ಬಂದು ವಿದ್ಯಾಸಾಗರರ ಕೈಯಲ್ಲಿ ‘ಭ್ರಾಂತಿವಿಲಾಸ’ವಾಯಿತು, ಬಿ. ವೆಂಕಟಾಚಾರ್ಯರ ಕೈಯಿಂದ ಕನ್ನಡಕ್ಕೂ ಬಂತು. 1997ರಲ್ಲಿ ಎನ್.ಎಸ್. ಶಂಕರ್ ಅದನ್ನು ಸಿನಿಮಾ ಮಾಡಿದಾಗ ರಮೇಶ್ ಅರವಿಂದ್ ಇಬ್ಬರಾಗಿ ಓಡಾಡಿದ್ದು ಹಲವರಿಗೆ ನೆನಪಿರಬಹುದು. ಚಿತ್ರದ ಹೆಸರು ‘ಉಲ್ಟಾ ಪಲ್ಟಾ’. ನೆಲದಿಂದ ಏಳುವುದು ಯಾವುದು, ಸೂರಿನಿಂದ ಇಳಿಯುವುದು ಯಾವುದು ಎಂದು ಎರಡು ಸಾವಿರ ವರ್ಷ ಆಮೇಲೆ ಜನ ಗೊಂದಲಪಡಬೇಕಾಗಿದ್ದ ಶಬ್ದವೊಂದು, ಅವಳಿಗಳ ಗೊಂದಲದ ನಾಟಕದಲ್ಲೇ ಲೋಲಾಕಾಗಿ ತೂಗಾಡುತ್ತಿತ್ತು ಎಂಬುದು ನನಗೆ ಬಹಳ ಹಿಡಿಸಿದೆ. ಒಂದು ಸಣ್ಣ ಎಡವಟ್ಟನ್ನೂ ಗಮನಿಸಿ: ಆಭರಣದಲ್ಲಿ ಕೆಳಕ್ಕೆ ತೂಗಿದ್ದು ‘ಗ್ಮ’. ಗುಹೆಯಲ್ಲಿ ಕೆಳಕ್ಕೆ ತೂಗುವುದು ‘ಕ್ಟ’.

ಹಾಗಾದರೆ ಈ ಹಂಚಿಕೆ ಮಾಡಿದವನು? ಕೋಪನ್‌ಹೇಗನ್ನಿನ ಒಬ್ಬ ವೈದ್ಯ, ಓಲೆ ವರ್ಮ್. ಲ್ಯಾಟಿನ್ ಪೋಷಾಕಿನಲ್ಲಿ ಓಲಾಸ್ ವರ್ಮಿಯಸ್. 1588ರಲ್ಲಿ ಹುಟ್ಟಿದವನು, ಡೆನ್ಮಾರ್ಕಿನ ದೊರೆಗೆ ವೈದ್ಯನಾಗಿದ್ದವನು, ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಕಲಿಸಿ ಆಮೇಲೆ ವೈದ್ಯಶಾಸ್ತ್ರ ಕಲಿಸಿದವನು. ಇವನ ಹವ್ಯಾಸ ಸಿಕ್ಕಸಿಕ್ಕದ್ದನ್ನು ಕೂಡಿಡುವುದು. ಚಿಪ್ಪು, ಕೊಂಬು, ಅದಿರು, ಒಣಗಿದ ಮೀನು, ಶಾಸನದ ನಕಲು, ಏನು ಬಿಟ್ಟವನೂ ಅಲ್ಲ. ಅವನ ಸಂಗ್ರಹದ ಗ್ರಂಥ ‘ಮ್ಯೂಸಿಯಂ ವರ್ಮಿಯಾನಂ’ ಅಚ್ಚಾದದ್ದು 1655ರಲ್ಲಿ. ಅದರ ಮೊದಲ ಪುಟದ ಚಿತ್ರ ಈಗಲೂ ಎಲ್ಲೆಲ್ಲೋ ಕಾಣಸಿಗುತ್ತದೆ: ಕಪಾಟಿನ ತುಂಬ ಪೆಟ್ಟಿಗೆಗಳು, ಗೋಡೆಯ ಮೇಲೆ ಆಮೆಚಿಪ್ಪು, ಸೂರಿನಿಂದ ನೇತುಬಿದ್ದ ಮೀನುಗಳು, ಒಂದು ಹಿಮಕರಡಿಯ ಮರಿ, ಒಂದು ದೋಣಿ. ತೂಗುಹಾಕುವುದರಲ್ಲಿ ನಿಸ್ಸೀಮ. ಹಾಗಿದ್ದೂ ಗುಹೆಯ ಕಲ್ಲಿಗೆ ಹೆಸರಿಡುವಾಗ ತೂಗುವುದನ್ನು ಬಿಟ್ಟು ತೊಟ್ಟಿಕ್ಕುವುದನ್ನೇ ಹಿಡಿದ.

ವರ್ಮನ ಬಗ್ಗೆ ಇನ್ನೂ ಒಂದೆರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆ ಕಾಲದ ಯುರೋಪಿನಲ್ಲಿ ಒಂಟಿಕೊಂಬಿನ ಕುದುರೆಯ ಕೊಂಬೆಂದು ಮಾರುತ್ತಿದ್ದ ವಸ್ತುವಿಗೆ ಚಿನ್ನದ ಬೆಲೆ ಇತ್ತು. ಅರಸರು ವಿಷಕ್ಕೆ ಮದ್ದೆಂದು ಕೊಳ್ಳುತ್ತಿದ್ದರು. ಅದು ಯಾವ ಕುದುರೆಯದೂ ಅಲ್ಲ, ಉತ್ತರದ ಸಮುದ್ರದ ನಾರ್ವಾಲ್ ಎಂಬ ತಿಮಿಂಗಿಲದ ಹಲ್ಲು ಎಂದು 1638ರಲ್ಲಿ ತೋರಿಸಿಕೊಟ್ಟವನು ಇವನೇ. ನಮ್ಮ ತಲೆಬುರುಡೆಯ ಹೊಲಿಗೆಗಳ ನಡುವೆ ಕೆಲವರಿಗೆ ಇರುವ ಪುಟ್ಟ ಹೆಚ್ಚುವರಿ ಎಲುಬುಗಳಿಗೆ ಇಂದಿಗೂ ವರ್ಮಿಯನ್ ಎಲುಬುಗಳೆಂದೇ ಹೆಸರು. 1654ರಲ್ಲಿ ಕೋಪನ್‌ಹೇಗನ್ನಿಗೆ ಪ್ಲೇಗು ಬಂದಾಗ ಊರು ಬಿಡದೆ ರೋಗಿಗಳನ್ನು ನೋಡುತ್ತ ಉಳಿದು, ಅದೇ ಪ್ಲೇಗಿಗೆ ಸತ್ತ. ಪುಸ್ತಕ ಹೊರಬಂದಾಗ ಅವನಿರಲಿಲ್ಲ. ಇಂಥವನ ಮೇಲೆ, ಅಂಕ ಕಳೆದುಕೊಂಡ ಹುಡುಗರ ಪರವಾಗಿ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಅವನು ಇಟ್ಟ ಲ್ಯಾಟಿನ್ ಹೆಸರುಗಳು ಒಂದು ತಲೆಮಾರಿನೊಳಗೆ ಇಂಗ್ಲಿಷಿಗೂ ಬಂದವು, ಅಲ್ಲಿಂದ ನಮ್ಮ ಪಠ್ಯಪುಸ್ತಕಕ್ಕೂ ಇಳಿದವು.

ತೊಟ್ಟಿಕ್ಕುವುದೇ ಮುಖ್ಯ ಎಂದು ವರ್ಮ್ ಹೇಳಿಟ್ಟರೂ ಎಲ್ಲರೂ ಒಪ್ಪಲಿಲ್ಲ. 1700ರಲ್ಲಿ ಫ್ರಾನ್ಸಿನ ದೊರೆ ಪೂರ್ವದೇಶಗಳಿಗೆ ಕಳಿಸಿದ ಸಸ್ಯಶಾಸ್ತ್ರಜ್ಞ ತೂರ್ನಫೋರ್, ಗ್ರೀಸಿನ ಆಂಟಿಪರೋಸ್ ದ್ವೀಪದ ಗುಹೆಗೆ ಹಗ್ಗ ಹಿಡಿದು ಇಳಿದ. ಒಳಗಿನ ಕಲ್ಲಿನ ಮೊಗ್ಗು, ಕಾಂಡ, ಹೂಕೋಸನ್ನೆಲ್ಲ ನೋಡಿ ಅವನಿಗೆ ಖಾತ್ರಿಯಾಯಿತು: ಕಲ್ಲುಗಳು ಗಿಡಗಳಂತೆ ಬೆಳೆಯುತ್ತವೆ, ಅವಕ್ಕೂ ಬೀಜವುಂಟು, ರಸವುಂಟು. ಸಸ್ಯಶಾಸ್ತ್ರಜ್ಞನಿಗೆ ಗುಹೆಯೂ ತೋಟವೇ. ಅವನಿಗಿಂತ ಮುಂಚೆ, 1673ರ ಕ್ರಿಸ್‌ಮಸ್ ರಾತ್ರಿ, ತುರ್ಕರ ಆಸ್ಥಾನದಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ನ್ವಾಂತೆಲ್ ಪ್ರಭು ನೂರಾರು ಜನರ ಸಮೇತ ಇದೇ ಗುಹೆಗಿಳಿದು, ನೆಲದಿಂದ ಎದ್ದ ದೊಡ್ಡ ಸ್ಟ್ಯಾಲಗ್ಮೈಟೊಂದನ್ನೇ ಪೂಜಾಪೀಠ ಮಾಡಿಕೊಂಡು ಪೂಜೆ ನಡೆಸಿದ್ದ. ಈ ಸಂಗತಿ ಓದಿದಾಗ ನನಗೆ ನೆನಪಾದದ್ದು ದಾಂಡೇಲಿ ಕಾಡಿನ ಕವಳಾ ಗುಹೆ. ಅಲ್ಲಿಯೂ ನೆಲದಿಂದೆದ್ದ ಸುಣ್ಣಕಲ್ಲಿನ ಗುಂಡಿಗೆ ಶಿವನೆಂದು ಹೆಸರು, ಶಿವರಾತ್ರಿಗೆ ಜನ ಸೇರುತ್ತಾರೆ. ಅಮರನಾಥದ ಹಿಮಲಿಂಗವೂ ಇದೇ ಜಾತಿ. ಸುಣ್ಣದ ಬದಲು ಮಂಜು, ಅಷ್ಟೇ. ಮೇಲಿಂದ ಹನಿ ಬೀಳುತ್ತಿರುತ್ತದೆ, ಕೆಳಗಿನದು ದುಂಡಗೆ ಬೆಳೆಯುತ್ತಿರುತ್ತದೆ. ಲಿಂಗದ ಮೇಲೆ ಧಾರಾಪಾತ್ರೆ ಕಟ್ಟುವ ನಮಗೆ ಅದನ್ನು ಏನೆಂದು ಕರೆಯಬೇಕೆಂಬ ಅನುಮಾನವೇ ಬರಲಿಲ್ಲ. ಇಲ್ಲಿ ಒಂದು ಪಕ್ಷಪಾತವನ್ನೂ ಹೇಳಬೇಕು. ಪೂಜೆಯೆಲ್ಲ ಕೆಳಗೆ ನಿಂತದ್ದಕ್ಕೇ ಸಲ್ಲುತ್ತದೆ. ಮೇಲೆ ತೂಗುವುದಕ್ಕೆ ಒಂದು ಹೂವೂ ಇಲ್ಲ, ಕೈಗೆಟುಕದ್ದಕ್ಕೆ ಯಾರು ಹೂವಿಡುತ್ತಾರೆ?

ವರ್ಮ್ ಹಿಡಿದದ್ದೇ ಸರಿ ಎಂಬುದಕ್ಕೆ ರಸಾಯನಶಾಸ್ತ್ರ ಸಾಕ್ಷಿ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಬೇರು, ಕೊಳೆತ ಎಲೆ, ಹುಳಹುಪ್ಪಟೆಗಳ ಉಸಿರಿನಿಂದ ತುಂಬಿಕೊಂಡಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಇಳಿದಿಳಿದು ಗುಹೆಯ ಸೂರಿಗೆ ಬರುತ್ತದೆ. ಅಲ್ಲಿ ಹನಿ ಬೀಳುವ ಮುಂಚೆ ಒಂದು ಕ್ಷಣ ತೂಗುತ್ತದೆ. ಅಷ್ಟರಲ್ಲಿ ಒಳಗಿನ ಅನಿಲ ಗುಹೆಯ ಗಾಳಿಗೆ ಹಾರಿಹೋಗುತ್ತದೆ, ಸುಣ್ಣವನ್ನು ಹೊತ್ತುಕೊಂಡಿರುವ ಶಕ್ತಿ ನೀರಿಗೆ ಕಡಿಮೆಯಾಗುತ್ತದೆ, ಹನಿಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಕ್ಯಾಲ್ಸೈಟಿನ ಒಂದು ಉಂಗುರ ಉಳಿಯುತ್ತದೆ. ನೀರು ಆವಿಯಾಗಿ ಹೀಗಾಗುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಗುಹೆಯ ಗಾಳಿ ಎಷ್ಟು ತೇವವೆಂದರೆ ಅಲ್ಲಿ ಆವಿಯಾಗುವುದು ಅಪರೂಪ; ಹಾರುವುದು ಅನಿಲ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರಿನ ಸುರುಳಿಗೆ ಬಿಳಿ ಹಕ್ಕಳೆ ಕಟ್ಟುವುದೂ ಇದೇ ವ್ಯವಹಾರ. ಅಲ್ಲಿ ಕರೆಂಟು ಖರ್ಚು ಮಾಡಿ ಅವಸರದಲ್ಲಿ ಮಾಡುವುದನ್ನು ಗುಹೆ ಪುರುಸೊತ್ತಾಗಿ ಮಾಡುತ್ತದೆ.

ಉಂಗುರದ ಕೆಳಗೆ ಉಂಗುರ ಕೂಡಿ ಮೊದಲು ಒಂದು ಟೊಳ್ಳು ಕೊಳವೆಯಾಗುತ್ತದೆ. ಅದರ ಅಗಲ ಸುಮಾರು ಐದು ಮಿಲಿಮೀಟರು, ಅಂದರೆ ಹನಿಯ ಅಗಲವೇ. ಎಳನೀರಿಗೆ ಹಾಕುವ ಸ್ಟ್ರಾ ಇದ್ದಂತೆ ಎನ್ನಬಹುದು. ಗುಹೆ ಹೊಕ್ಕುವವರು ಅದಕ್ಕೆ ಸೋಡಾ ಸ್ಟ್ರಾ ಎಂದೇ ಅನ್ನುತ್ತಾರೆ. ಕೊಳವೆ ಎಲ್ಲಾದರೂ ಕಟ್ಟಿಕೊಂಡರೆ ನೀರು ಹೊರಮೈಯಿಂದ ಇಳಿಯತೊಡಗಿ, ಬುಡ ದಪ್ಪ ತುದಿ ಚೂಪಾಗಿ ನಾವು ಚಿತ್ರಗಳಲ್ಲಿ ನೋಡುವ ರೂಪ ಬರುತ್ತದೆ. ಬಿದ್ದ ಹನಿಯಲ್ಲಿ ಇನ್ನೂ ಉಳಿದಿದ್ದ ಸುಣ್ಣ ನೆಲದಲ್ಲಿ ಗುಡ್ಡೆಯಾಗುತ್ತದೆ. ಎತ್ತರದಿಂದ ಬಿದ್ದು ಸಿಡಿಯುವುದರಿಂದ ಅದರ ತಲೆ ಚೂಪಲ್ಲ, ಮೊಂಡು, ಮೈಯೂ ದಪ್ಪ. ಮೇಲಿನದು ತೊಟ್ಟಿಕ್ಕುತ್ತಿರುವಂಥದು, ಕೆಳಗಿನದು ತೊಟ್ಟಿಕ್ಕಿದ್ದು. ವರ್ಮನ ‘ಕ್ಟ’ ಮತ್ತು ‘ಗ್ಮ’ಗಳ ನಡುವೆ ಏನಾದರೂ ನ್ಯಾಯವಿದ್ದರೆ ಇಷ್ಟೇ, ಇದೂ ಸಾಕಷ್ಟು ಎಳೆದು ಹೇಳಿದ ನ್ಯಾಯ.

ಬೆಳವಣಿಗೆಯ ವೇಗ ಗುಹೆಯಿಂದ ಗುಹೆಗೆ ಬೇರೆ. ಸುಮಾರಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಹಾಗಾದರೆ ಪ್ಲಾಟಸನ ದಾಸಿ ಲೋಲಾಕು ಕೇಳಿದಂದಿನಿಂದ ಇಂದಿನವರೆಗೆ ಬೆಳೆದದ್ದು ಒಂದು ಗೇಣು. ರೋಮ್ ಬಿತ್ತು, ಕದಂಬರು ಬಂದರು, ಹೋದರು, ಹಂಪಿ ಎದ್ದಿತು, ಬಿತ್ತು, ಸಿನಿಮಾ ಬಂತು, ಒಂದು ಗೇಣು. ಇದನ್ನು ಮುಟ್ಟಬೇಡಿ ಎಂದು ಗುಹೆಗಳಲ್ಲಿ ಬೋರ್ಡು ಹಾಕುವುದು ಸುಮ್ಮನೆ ಅಲ್ಲ. ಬೆರಳಿನ ಎಣ್ಣೆಜಿಡ್ಡು ಮೆತ್ತಿದ ಕಡೆ ಕ್ಯಾಲ್ಸೈಟು ಕೂರಲು ಒಪ್ಪುವುದಿಲ್ಲ, ಬೆಳವಣಿಗೆ ನಿಂತೇ ಹೋಗಬಹುದು. ಆದರೂ ಮುಟ್ಟುತ್ತಾರೆ. ಹೆಸರು ಕೆತ್ತುವವರೂ ಇದ್ದಾರೆ. ಅವರ ಪ್ರೇಮ ಎಷ್ಟು ವರ್ಷ ಬಾಳಿತೋ, ಅಕ್ಷರವಂತೂ ಹತ್ತಾರು ತಲೆಮಾರು ಬಾಳುತ್ತದೆ.

ಈಗ ನಮ್ಮ ಕಡೆಯ ಹೆಸರುಗಳಿಗೆ ಬರೋಣ. ಬೆಂಗಳೂರು, ಬಳ್ಳಾರಿಗಳಿಂದ ಜನ ಕಾರು ಮಾಡಿಕೊಂಡು ಹೋಗುವ ಆಂಧ್ರದ ಬೇಲಂ ಗುಹೆಗಳಿವೆಯಲ್ಲ, ಆ ಹೆಸರಿನ ಮೂಲ ‘ಬಿಲ’ ಎನ್ನುತ್ತಾರೆ. ಕನ್ನಡದಲ್ಲಿ ಬಿಲವನ್ನು ಇಲಿಗೂ ಹಾವಿಗೂ ಬಿಟ್ಟುಕೊಟ್ಟು ನಾವು ಗವಿ, ಗುಹೆ ಎಂದು ದೊಡ್ಡವರಾದೆವು. ಅಲ್ಲಿ ಮೂರು ಕಿಲೋಮೀಟರಿಗೂ ಉದ್ದದ ಗುಹೆ ಇನ್ನೂ ಬಿಲವಾಗಿಯೇ ಉಳಿದಿದೆ. 1884ರಲ್ಲಿ ಇದನ್ನು ದಾಖಲಿಸಿದ ರಾಬರ್ಟ್ ಬ್ರೂಸ್ ಫೂಟ್ ಆಮೇಲೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೂ ಕೆಲಸ ಮಾಡಿದವರು. ಒಳಗೆ ಒಂದು ಕಡೆ ದೊಡ್ಡ ಕಂಬದ ಸುತ್ತ ಚಾವಣಿಯಿಂದ ಕಲ್ಲುಗಳು ಎಳೆ ಎಳೆಯಾಗಿ ಇಳಿದಿವೆ. ಅದಕ್ಕೆ ಊರವರಿಟ್ಟ ಹೆಸರು ‘ಊಡಲ ಮರ್ರಿ’, ಬಿಳಲುಗಳ ಆಲದಮರ. ಇನ್ನೊಂದು ಕಡೆ ‘ವೇಯಿ ಪಡಗಲು’, ಸಾವಿರ ಹೆಡೆ. ಮತ್ತೊಂದು ಕಡೆ ‘ಕೋಟಿಲಿಂಗಾಲು’. ‘ಸಪ್ತಸ್ವರಾಲ ಗುಹ’ ಎಂಬಲ್ಲಿ ಕಲ್ಲನ್ನು ಗೆಣ್ಣಿನಿಂದ ಬಡಿದರೆ ಲೋಹದ ನಾದ ಬರುತ್ತದೆ. ಇದನ್ನು ಕೇಳಿದವರೆಲ್ಲ ಬಡಿಯುತ್ತಾರೆಂಬುದೇ ಕಷ್ಟ. ನಮ್ಮ ಗುಂಪಿನಲ್ಲಿದ್ದ ಹಿರಿಯರೊಬ್ಬರು ಎರಡು ಸ್ವರ ಸಿಕ್ಕಿತೆಂದು ಮೋಹನ ರಾಗಕ್ಕೇ ಕೈ ಹಾಕಿದ್ದರು.

ಹಳ್ಳಿಯವರ ಈ ಹೆಸರುಗಳೆಲ್ಲ ಆಕಾರವನ್ನು ಹಿಡಿದವು. ಹೆಡೆ, ಬಿಳಲು, ಲಿಂಗ. ಕಣ್ಣಿಗೆ ಕಂಡದ್ದಕ್ಕೆ ಹೆಸರು. ಗ್ರೀಕರದು ಕಿವಿಗೆ ಕೇಳಿದ್ದಕ್ಕೆ ಇಟ್ಟ ಹೆಸರು ಅನ್ನಿಸುತ್ತದೆ. ದೀಪ ಆರಿಸಿದರೂ ಗುಹೆಯಲ್ಲಿ ಉಳಿಯುವುದು ಹನಿ ಬೀಳುವ ಸದ್ದು. ಜರ್ಮನರ ಟ್ರಾಪ್ಫ್‌ಷ್ಟೈನ್ ಎಂದರೂ ಹನಿಗಲ್ಲೇ. ಹಂಗೇರಿಯವರ ಚೆಪ್ಪ್‌ಕೋ ಎಂದರೂ ಹನಿಗಲ್ಲೇ. ಮುಂದೆ ‘ತೂಗುವ’, ‘ನಿಂತ’ ಎಂದು ಒಂದೊಂದು ವಿಶೇಷಣ ಹಚ್ಚಿ ಅವರು ಜಗಳ ಮುಗಿಸಿಬಿಟ್ಟಿದ್ದಾರೆ. ಚೀನೀಯರು ಮಾತ್ರ ಬೇರೆ ದಾರಿ ಹಿಡಿದರು. ತೂಗುವುದಕ್ಕೆ ಝೋಂಗ್‌ರು-ಷಿ, ಗಂಟೆ-ಹಾಲು-ಕಲ್ಲು. ಅವರ ಹಳೆಯ ಕಂಚಿನ ಗಂಟೆಗಳ ಮೈಮೇಲೆ ಮೊಲೆತೊಟ್ಟಿನಂಥ ಗುಬುಟುಗಳಿರುತ್ತವೆ, ಹೆಸರಿನಲ್ಲಿ ಅವೂ ಇವೆ, ಬಿಳಿಯಾಗಿ ಒಸರುವ ಹಾಲೂ ಇದೆ. ಅದನ್ನು ಪುಡಿಮಾಡಿ ಆಯುಷ್ಯಕ್ಕೆಂದು ಔಷಧವಾಗಿ ತಿನ್ನುತ್ತಲೂ ಇದ್ದರು. ನಮ್ಮ ಪಕ್ಕದ ಆಂಧ್ರದ ಬೊರ್ರಾ ಗುಹೆಗಳ ಕಥೆಯಲ್ಲೂ ಹಾಲಿದೆ: ಒಳಗಿನ ಲಿಂಗದ ಮೇಲೆ ಹಸುವಿನಾಕಾರದ ಕಲ್ಲು, ಅದರ ಕೆಚ್ಚಲಿನಿಂದ ಹುಟ್ಟಿದ ಹೊಳೆ ಗೋಸ್ತನಿ. ಸ್ಟ್ಯಾಲಕ್ಟೈಟಿನ ಹೊಟ್ಟೆಯಲ್ಲಿ ‘ಲ್ಯಾಕ್ಟ್’ ಇರುವುದನ್ನು ಕಂಡು, ಲ್ಯಾಕ್ಟೋಸಿಗೂ ಇದಕ್ಕೂ ನೆಂಟಸ್ತಿಕೆ ಕಟ್ಟಲು ಯಾರಿಗಾದರೂ ಆಸೆಯಾದೀತು. ಕಟ್ಟಬೇಡಿ, ಅದು ಬರಿಯ ಅಕ್ಷರಗಳ ಆಕಸ್ಮಿಕ.

ಹಾಲನ್ನೂ ಹನಿಯನ್ನೂ ತೂಗುವುದನ್ನೂ ಒಂದೇ ಮಾತಿನಲ್ಲಿ ಹೇಳುವ ಶಬ್ದ ಬೇಕೆಂದರೆ ನಾನು ದೂರ ಹೋಗುವುದಿಲ್ಲ. ‘ತೊಟ್ಟು’ ಇದೆ. ಒಂದು ತೊಟ್ಟು ನೀರು ಎಂದರೆ ಹನಿ. ಮಾವಿನಕಾಯಿಯ ತೊಟ್ಟು ಎಂದರೆ ಅದು ತೂಗುವ ತಾಣ. ಮೊಲೆತೊಟ್ಟು ಎಂದರೆ ಹಾಲು ಒಸರುವ ತುದಿ. ಈ ಮೂರು ಒಂದೇ ಶಬ್ದದ ಕವಲುಗಳೋ ಬೇರೆ ಬೇರೆಯಾಗಿ ಬಂದು ಒಂದೇ ಉಚ್ಚಾರಕ್ಕೆ ಸೇರಿಕೊಂಡವೋ, ಆ ವಿಚಾರಣೆಯನ್ನು ನಿಘಂಟುಕಾರರಿಗೆ ಬಿಡುತ್ತೇನೆ. ಗುಹೆಯ ಸೂರು ನೋಡುತ್ತ ನಿಂತವನಿಗೆ ಮೂರೂ ಒಟ್ಟಿಗೆ ಕಾಣುತ್ತವೆ. ಕಲ್ಲಿನ ತೊಟ್ಟು ಎಂದರೆ ಗ್ರೀಕನಿಗೂ ಚೀನೀಯನಿಗೂ ಒಟ್ಟಿಗೆ ಉತ್ತರ ಕೊಟ್ಟಂತೆ. ಬಿಳಲೂ ಕೆಟ್ಟ ಶಬ್ದವಲ್ಲ. ಅದು ‘ಬೀಳು’ ಎಂಬುದರ ಬಳಗ; ಹಳೆಗನ್ನಡದಲ್ಲಿ ಎರಡಕ್ಕೂ ಆ ಮರೆಯಾದ ‘ೞ’ವೇ ಇತ್ತು. ಆಲದ ಬಿಳಲು ಇಳಿದಿಳಿದು ನೆಲ ಮುಟ್ಟಿ ಕಂಬವಾಗುವುದೂ ಗುಹೆಯ ಕಲ್ಲಿಗೆ ಸರಿಯಾಗಿಯೇ ಹೊಂದುತ್ತದೆ. ಆದರೆ ಬಿಳಲಿನಲ್ಲಿ ತೇವವಿಲ್ಲ. ನನ್ನ ಓಟು ತೊಟ್ಟಿಗೇ. ಕೆಳಗಿನದಕ್ಕೆ ಚೀನೀಯರು ‘ಕಲ್ಲಿನ ಬಿದಿರು ಮೊಳಕೆ’ ಎನ್ನುತ್ತಾರೆ. ಅದನ್ನು ಕೇಳಿದ ಕೂಡಲೇ ಮಲೆನಾಡಿನವರ ಬಾಯಲ್ಲಿ ನೀರೂರುತ್ತದೆ: ಕಳಲೆ! ಮಳೆಗಾಲದಲ್ಲಿ ನೆಲ ಸೀಳಿಕೊಂಡು ಮೊಂಡಾಗಿ ಏಳುವ ಕಳಲೆಗಿಂತ ಒಳ್ಳೆಯ ಹೆಸರು ಅದಕ್ಕೆ ಎಲ್ಲಿ ಸಿಗಬೇಕು? ಮೇಲೆ ಕಲ್ದೊಟ್ಟು, ಕೆಳಗೆ ಕಲ್ಗಳಲೆ. ಯಾವುದು ಮೇಲೆ ಯಾವುದು ಕೆಳಗೆ ಎಂದು ಯಾವ ಮಗುವೂ ಕೇಳುವುದಿಲ್ಲ. ತೊಟ್ಟು ನೆಲದಿಂದ ಏಳುವುದಿಲ್ಲ, ಕಳಲೆ ಸೂರಿನಿಂದ ಇಳಿಯುವುದಿಲ್ಲ.

ಸರ್ಕಾರಿ ಶಬ್ದಕೋಶಗಳ ದಾರಿ ಇಷ್ಟು ಸಲೀಸಲ್ಲ. ಹಿಂದಿಯವರು ಸಂಸ್ಕೃತದ ಶ್ಚುತ್ ಧಾತುವನ್ನು, ಅಂದರೆ ಮತ್ತೆ ತೊಟ್ಟಿಕ್ಕುವುದನ್ನೇ, ಹಿಡಿದು ‘ಆಶ್ಚುತಾಶ್ಮ’ ಮತ್ತು ‘ನಿಶ್ಚುತಾಶ್ಮ’ ಎಂದು ಕಟ್ಟಿದರು. ವಿದ್ವತ್ತಿಗೆ ಕೈಮುಗಿಯಬೇಕು. ಗ್ರೀಕಿನ ಅರ್ಥ ಬಂತು, ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ ಎಂಬ ಗ್ರೀಕಿನ ಗೊಂದಲವೂ ಚಾಚೂ ತಪ್ಪದೆ ಬಂತು. ಮರಾಠಿಯ ಶಾಲಾಪುಸ್ತಕಗಳು ‘ಅಧೋಮುಖಿ ಲವಣಸ್ತಂಭ’, ‘ಊರ್ಧ್ವಮುಖಿ ಲವಣಸ್ತಂಭ’ ಎಂದು ಬರೆದು ಕೈತೊಳೆದುಕೊಂಡಿವೆ. ಉದ್ದವಾದರೂ ಪಾಪ, ಯಾರಿಗೂ ಮೋಸವಿಲ್ಲ.

ಹೆಸರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಾವೀಗ ಬದುಕಿರುವ ಭೂವೈಜ್ಞಾನಿಕ ಕಾಲಕ್ಕೆ ಹೆಸರು ಬಂದದ್ದೂ ಇಂಥ ಒಂದು ಕಲ್ಗಳಲೆಯಿಂದಲೇ. ಮೇಘಾಲಯದ ಚಿರಾಪುಂಜಿಯ ಹತ್ತಿರ ಮಾವ್‌ಮ್ಲುಹ್ ಎಂಬ ಗುಹೆಯಿದೆ. ಖಾಸಿ ಭಾಷೆಯಲ್ಲಿ ಮಾವ್ ಎಂದರೆ ಕಲ್ಲು, ಮಾವ್‌ಸಿನ್‌ರಾಮ್‌ನಲ್ಲಿರುವುದೂ ಅದೇ ಮಾವ್. ಆ ಗುಹೆಯ ಒಂದು ಸ್ಟ್ಯಾಲಗ್ಮೈಟನ್ನು ಸೀಳಿ, ಅದರ ಪದರುಗಳಲ್ಲಿನ ಆಮ್ಲಜನಕದ ಐಸೊಟೋಪುಗಳನ್ನು ಅಳೆದಾಗ ಸುಮಾರು 4200 ವರ್ಷಗಳ ಹಿಂದೆ ಮುಂಗಾರು ಸೊರಗಿದ್ದ ಗುರುತು ಸಿಕ್ಕಿತು. ಆ ಹೊತ್ತಿಗೆ ಲೋಕದ ಬೇರೆ ಕಡೆಗಳಲ್ಲೂ ದೊಡ್ಡ ಬರಗಳ ಸುಳಿವಿದೆ. ಅಲ್ಲಿಂದ ಇಲ್ಲಿಯವರೆಗಿನ ಕಾಲಕ್ಕೆ 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ‘ಮೇಘಾಲಯನ್ ಯುಗ’ ಎಂದು ಮುದ್ರೆಯೊತ್ತಿತು. ಆ ಲೆಕ್ಕದಲ್ಲಿ ಪ್ಲಾಟಸ್, ಪಂಪ, ವರ್ಮ್, ನೀವು, ನಾನು ಎಲ್ಲರೂ ಮೇಘಾಲಯನ್ನರು. ಲೋಕದಲ್ಲೇ ಹೆಚ್ಚು ಮಳೆ ಬೀಳುವ ಜಾಗದ ಕಲ್ಲು ಬರಗಾಲಕ್ಕೆ ಸಾಕ್ಷಿ ಹೇಳಿದ್ದು, ನಮ್ಮ ಯುಗಕ್ಕೆ ಮೋಡಗಳ ಮನೆಯ ಹೆಸರು ಬಂದದ್ದು, ಇದರಲ್ಲಿ ಯಾರಾದರೂ ಕವಿ ಕೈಯಾಡಿಸಿರಬೇಕೆಂದು ನನಗೆ ಗುಮಾನಿ.

ಗುಹೆ ನೋಡಲು ಅಷ್ಟು ದೂರ ಹೋಗಲಾರದವರು ಹಳೆಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದರಾಯಿತು. ಕಾರುಗಳ ಮೇಲೆ ಕಾಂಕ್ರೀಟಿನ ಬಿರುಕುಗುಂಟ ಬಿಳಿ ಸ್ಟ್ರಾಗಳು ಸಾಲಾಗಿ ತೂಗುತ್ತಿರುತ್ತವೆ. ಹನಿಯೂ ಬೀಳುತ್ತಿರುತ್ತದೆ, ಬಿದ್ದ ಹನಿ ಕಾರಿನ ಬಣ್ಣ ತಿನ್ನುತ್ತದೆ. ಇಲ್ಲಿ ಲೆಕ್ಕ ತಿರುಗುಮುರುಗು. ಸಿಮೆಂಟಿನಿಂದ ಒಸರಿದ ಸುಣ್ಣದ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಬಿಡುವುದಿಲ್ಲ, ಹೀರಿಕೊಳ್ಳುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವ ಕ್ರಮವೇ ಅದು. ಆದ್ದರಿಂದ ಬೆಳೆಯುವುದೂ ಗುಹೆಯದಕ್ಕಿಂತ ಎಷ್ಟೋ ಪಟ್ಟು ಬೇಗ. ನಾವಿರುವ ಕಟ್ಟಡದ ಸಂಘದ ಸಭೆಯಲ್ಲಿ ಇದನ್ನು ‘ಲೀಕೇಜ್’ ಎಂಬ ಶೀರ್ಷಿಕೆಯಡಿ ಚರ್ಚಿಸಿದರು. ಇದು ಸ್ಟ್ಯಾಲಕ್ಟೈಟಿನ ಹತ್ತಿರದ ನೆಂಟ, ಹೆಸರಿನ ಅರ್ಥವೂ ಹೆಚ್ಚುಕಡಿಮೆ ಲೀಕೇಜ್ ಎಂದೇ, ಎಂದು ನಾನು ಹೇಳಹೊರಟೆ. ವಾಟರ್‌ಪ್ರೂಫಿಂಗಿನ ಎಸ್ಟಿಮೇಟು ಆಗಲೇ ಮೇಜಿನ ಮೇಲಿತ್ತು.

ಕೊನೆಯದಾಗಿ ಒಂದು ಹೆಸರು ಬಾಕಿ ಇದೆ. ಮೇಲಿನ ತೊಟ್ಟೂ ಕೆಳಗಿನ ಕಳಲೆಯೂ ಬೆಳೆದು ಬೆಳೆದು ಒಂದನ್ನೊಂದು ಮುಟ್ಟಿದ ಮೇಲೆ ಅದಕ್ಕೇನು ಹೆಸರು? ಇಂಗ್ಲಿಷಿನಲ್ಲಿ ಕಾಲಮ್ ಅನ್ನುತ್ತಾರೆ. ಕನ್ನಡದಲ್ಲಿ ಕಂಬ, ಇನ್ನೇನು? ಹನಿಯಿಂದಾದ ಕಂಬ, ಆದ್ದರಿಂದ ಕಂಬ ಕೂಡು ಹನಿ ‘ಕಂಬನಿ’ ಎಂದು ನನ್ನ ಗೆಳೆಯರಾದ ಕನ್ನಡ ಮೇಷ್ಟರ ಮುಂದೆ ಉದುರಿಸಿದೆ. ಅವರು ನಗಲಿಲ್ಲ. ಕಂಬನಿ ಕಣ್ಣಿನದು, ಕಣ್ ಮತ್ತು ಪನಿ ಕೂಡಿ ಆದೇಶಸಂಧಿ, ಪಕಾರಕ್ಕೆ ಬಕಾರ ಎಂದರು. ಕಲ್ದೊಟ್ಟಿನಲ್ಲಿ ತಕಾರಕ್ಕೆ ದಕಾರ ಬಂದಿರುವುದೂ ಅದೇ ಸಂಧಿಯಲ್ಲವೇ, ಅದಾದರೂ ಪಾಸೇ ಎಂದು ಕೇಳಿದೆ. ವ್ಯಾಕರಣಕ್ಕೆ ಪಾಸು, ಆದರೆ ಅದನ್ನು ನೀನೊಬ್ಬನೇ ಬಳಸುತ್ತೀಯ, ಮಿಕ್ಕವರು ಸ್ಟ್ಯಾಲಕ್ಟೈಟ್ ಅಂತಲೇ ಬರೆಯುತ್ತಾರೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಅದು ಮೇಲಿನದೋ ಕೆಳಗಿನದೋ ಎಂದೂ ಕೇಳಿದರು.